ಭತ್ತದ ಉಪ್ಪು ಸಹಿಷ್ಣುತೆ: ಪ್ರಬಂಧಕ್ಕೆ ಹೆಕ್ಸೊಕೈನೇಸ್ ಕುಟುಂಬವೋ, ಸ್ನರ್ಕ್1 ಕುಟುಂಬವೋ?

ಭತ್ತ ಉಪ್ಪನ್ನು ಹೇಗೆ ತಾಳುತ್ತದೆ ಎಂಬ ಎಂ.ಎಸ್ಸಿ. ಪ್ರಬಂಧಕ್ಕೆ ಹೆಕ್ಸೊಕೈನೇಸ್ (ಗ್ಲೂಕೋಸಿಗೆ ಫಾಸ್ಫೇಟ್ ಸೇರಿಸುವ ಕಿಣ್ವ), ಸ್ನರ್ಕ್1 (ಗಿಡದ ಶಕ್ತಿಯ ಮೇಲೆ ಕಣ್ಣಿಡುವ ಪ್ರೋಟೀನ್), ಈ ಎರಡರಲ್ಲಿ ಯಾವ ಸಕ್ಕರೆ ಸಂವೇದಿ ಜೀನ್ ಕುಟುಂಬ, ಅಂದರೆ ಸಕ್ಕರೆಯ ಏರಿಳಿತ ಗ್ರಹಿಸುವ ಜೀನ್‌ಗಳ ಗುಂಪು, ಹಿಡಿಯಲಿ ಎಂದು ಕೇಳಿದ್ದೀರಿ. ರಾಯಚೂರಿನಲ್ಲಿ ಓದುವಾಗ ಇದೇ ಪ್ರಶ್ನೆ ಹೊತ್ತು ಹಿರಿಯರನ್ನೆಲ್ಲ ಕಾಡಿ, ಕೊನೆಗೆ ಹೆಕ್ಸೊಕೈನೇಸ್ ಹಿಡಿದೆ. ಭತ್ತದಲ್ಲಿ ಅದರ ಜೀನ್‌ಗಳು ಹತ್ತೇ. ಕಂಪ್ಯೂಟರ್ ಮುಂದೆ ಕುಳಿತು ವಂಶವೃಕ್ಷ ಬರೆಯುವುದು ಸಲೀಸು. ಆಮೇಲೆ ಕುಂಡದ ಸಸಿಗಳಿಗೆ ಉಪ್ಪುನೀರು ಕೊಟ್ಟು, ಯಾವ ಜೀನ್ ಎಷ್ಟು ಚುರುಕಾಯಿತು ಎಂದು ಅಳೆದೆ. ಒಂದೆರಡು ಚೆನ್ನಾಗಿಯೇ ಏರಿದ್ದವು. ಹಿಗ್ಗಿದೆ.

ಕೆಟ್ಟದ್ದು ಎಲೆ ಕೀಳುವಲ್ಲಿ. ಬರಿ ನೀರಿನ ಸಸಿಗಳ ಎಲೆಯನ್ನು ಬೆಳಿಗ್ಗೆ ಕಿತ್ತೆ, ಉಪ್ಪುನೀರಿನವನ್ನು ಊಟ ಮುಗಿಸಿ ಬಂದ ಮೇಲೆ. ಗಿಡ ಹಗಲೆಲ್ಲ ಸಕ್ಕರೆ, ಪಿಷ್ಟ ಕೂಡಿಡುತ್ತದೆ, ರಾತ್ರಿ ಅದನ್ನೇ ಕರಗಿಸಿ ಬದುಕುತ್ತದೆ. ಬೆಳಗಿನದು ಹಸಿದ ಎಲೆ, ಮಧ್ಯಾಹ್ನದ್ದು ಉಂಡ ಎಲೆ. ನಾನು ಹಿಡಿದದ್ದೋ ಸಕ್ಕರೆಯ ಏರಿಳಿತವನ್ನೇ ಗ್ರಹಿಸುವ ಜೀನ್! ಏರಿದ್ದು ಉಪ್ಪಿನಿಂದಲೋ ಬಿಸಿಲಿನಿಂದಲೋ ಹೇಳಲು ದಾರಿಯೇ ಉಳಿಯಲಿಲ್ಲ. ಕುಂಡ, ಮಣ್ಣು, ತಳಿ ಎಲ್ಲ ಒಂದೇ ಇಟ್ಟವನಿಗೆ ಗಡಿಯಾರ ನೋಡಲು ತೋಚಿರಲಿಲ್ಲ. ಪರೀಕ್ಷಕರು "ಎಷ್ಟು ಗಂಟೆಗೆ ಕಿತ್ತಿರಿ?" ಎಂದು ಕೇಳಿದರು, ಒಂದು ವರ್ಷ ಹೋಯಿತು. ಎರಡೂ ಗುಂಪಿನ ಎಲೆಯನ್ನು ಒಂದೇ ಹೊತ್ತಿಗೆ ಕಿತ್ತು, ಇದ್ದ ಸ್ಥಿತಿಯಲ್ಲೇ ಹೆಪ್ಪುಗಟ್ಟುವಂತೆ ಅಲ್ಲಿಯೇ ದ್ರವ ಸಾರಜನಕಕ್ಕೆ ಹಾಕಿ. ಒಬ್ಬರಿಂದ ಆಗದಿದ್ದರೆ ಗೆಳೆಯರನ್ನು ಕರೆಯಿರಿ, ಚಹಾ ಕುಡಿಸಿ.

ಇನ್ನು ನಿಮ್ಮ ಪ್ರಶ್ನೆ. ಕುಟುಂಬದಿಂದ ಶುರು ಮಾಡುವುದೇ ನನಗೆ ಒಪ್ಪಿಗೆಯಿಲ್ಲ. ಗಿಡದಲ್ಲಿ ಶಕ್ತಿ ಕುಂದಿದಾಗ ಸ್ನರ್ಕ್1 ಚುರುಕಾಗುತ್ತದೆ, ಟ್ರೆಹಲೋಸ್-6-ಫಾಸ್ಫೇಟ್ ಎಂಬ ಸಕ್ಕರೆಯ ಅಣು ಅದನ್ನು ತಡೆಯುತ್ತದೆ. ಈ ಆಟವೆಲ್ಲ ಪ್ರೋಟೀನಿನ ಮಟ್ಟದಲ್ಲಿ. ಜೀನ್ ಎಷ್ಟು ಚುರುಕು ಎಂದು ತಿಳಿಯಲು ನಾವು ಅಳೆಯುವ ಆರ್‌ಎನ್‌ಎಯಲ್ಲಿ ಇದು ಕಾಣದೆ ಹೋಗಬಹುದು. ಹೆಕ್ಸೊಕೈನೇಸ್ ಇನ್ನೂ ತುಂಟ. ಕಿಣ್ವದ ಕೆಲಸ ಮಾಡಲಾಗದ ರೂಪವೂ ಗ್ಲೂಕೋಸ್ ಸಂಕೇತ ಸಾಗಿಸುತ್ತದೆ ಎಂದು 2003ರಲ್ಲಿಯೇ ಅರಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಪುಟ್ಟ ಗಿಡದಲ್ಲಿ ತೋರಿಸಿದ್ದಾರೆ. ಹಾಗಾಗಿ ಕಿಣ್ವದ ಕೆಲಸ ಅಳೆದರೂ ಸಂಕೇತದ ಕತೆ ತಿಳಿಯದು.

ಸಿಂಧನೂರು, ಗಂಗಾವತಿ ಕಡೆಯ ಸವಳು ಗದ್ದೆಗೆ ಒಮ್ಮೆ ಹೋಗಿ ಬನ್ನಿ. ಭತ್ತ ಉಪ್ಪಿಗೆ ಹೆಚ್ಚು ಸೋಲುವುದು ಸಸಿಯಿದ್ದಾಗ ಮತ್ತು ಹೂ ಬಿಡುವಾಗ. ತೆನೆ ಜಳ್ಳಾಗುವುದು ಸಕ್ಕರೆ ಅಲ್ಲಿಗೆ ತಲುಪದೆಯೋ, ತಲುಪಿದರೂ ಬಳಕೆಯಾಗದೆಯೋ? ಉಪ್ಪು ತಡೆಯುವ ತಳಿ ಒಂದು, ತಡೆಯದ್ದು ಒಂದು ತೆಗೆದುಕೊಂಡು ಮೊದಲು ತೆನೆಯ ಸಕ್ಕರೆಯನ್ನೇ ಅಳೆಯಿರಿ. ಬಣ್ಣ ನೋಡಿ ಸಕ್ಕರೆ ಅಳೆಯುವ ಆಂಥ್ರೋನ್ ವಿಧಾನ ಸಾಕು, ದೊಡ್ಡ ಖರ್ಚಿಲ್ಲ. ಯಾವ ಜೀನ್ ಎಂಬುದು ಆ ಅಂಕಿ ಕೈಗೆ ಬಂದ ಮೇಲಿನ ಮಾತು. ಮಾರ್ಗದರ್ಶಕರು ಕುಟುಂಬವೇ ಬೇಕೆಂದು ಹಟ ಹಿಡಿದರೆ ಹೆಕ್ಸೊಕೈನೇಸ್ ಇರಲಿ, ಕೊನೆಯ ಅಧ್ಯಾಯವಾಗಿ.