ಕ್ರೂಸ್‌ನ ಫಾರ್ಮಲ್ ನೈಟ್‌ಗೆ ಸೂಟ್ ಬಾಡಿಗೆಗೆ ತರುವುದೋ, ಹೊಲಿಸುವುದೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಊರು ತೀರ್ಥಹಳ್ಳಿ ಹತ್ತಿರ. ಡಿಸೆಂಬರ್ ಕೊನೆಯಲ್ಲಿ ಮಗಳು ನಿಮ್ಮಿಬ್ಬರನ್ನೂ ಸಿಂಗಾಪುರದಿಂದ ಹೊರಡುವ ನಾಲ್ಕು ರಾತ್ರಿಯ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಿದ್ದಾಳೆ. ಅದರಲ್ಲಿ ಒಂದು ರಾತ್ರಿ ಫಾರ್ಮಲ್. ನೀವು ಈವರೆಗೆ ಸೂಟ್ ಹಾಕಿಲ್ಲ. ಮುಂದಿನ ವೈಶಾಖದಲ್ಲಿ ಮಗನ ಮದುವೆ. ಸೂಟ್ ಬಾಡಿಗೆಗೆ ತರಬೇಕೋ, ಹೊಲಿಸಬೇಕೋ, ಮನೆಯವರಿಗೆ ಗೌನ್ ಕೊಡಿಸಬೇಕೋ ಅಂತ ಕೇಳಿದ್ದೀರಿ.

ಶಿವಮೊಗ್ಗದಲ್ಲಿ ಕೋಟು, ಸೂಟು ಹೊಲಿಯುವುದೇ ನನ್ನ ಕಸುಬು. ಅಕ್ಕ, ಭಾವನ ಜೊತೆ ಒಂದು ಕ್ರೂಸ್ ಮಾಡಿಯೂ ಬಂದಿದ್ದೇನೆ. ಅಂಗಡಿಗೆ ಬಂದು ಇದೇ ಪ್ರಶ್ನೆ ಕೇಳಿದ ಎಷ್ಟೋ ಜನರಿಗೆ "ಬಾಡಿಗೆಗೆ ತನ್ನಿ, ಸಾಕು" ಅಂತಲೇ ಹೇಳಿದ್ದೇನೆ. ನಿಮಗೆ ಹಾಗೆ ಹೇಳುವುದಿಲ್ಲ. ನೀವು ಒಂದು ಬಂದ್‌ಗಲಾ, ಅಂದರೆ ಕುತ್ತಿಗೆಯವರೆಗೂ ಗುಂಡಿ ಹಾಕುವ ಕೋಟು, ಹೊಲಿಸಿ. ಮನೆಯವರಿಗೆ ಹೊಸದಾಗಿ ಏನೂ ಬೇಡ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಲಿ.

ಮೊದಲು ಹಡಗಿನವರು ನಿಜವಾಗಿ ಏನು ಕೇಳುತ್ತಾರೆ ಅನ್ನುವುದು ಗೊತ್ತಿರಲಿ. ಫಾರ್ಮಲ್ ನೈಟ್ ಅಂದರೆ ಆ ದಿನ ಇಡೀ ಹಡಗು ಕೋಟು ಹಾಕಿಕೊಂಡು ಓಡಾಡಬೇಕು ಅಂತ ಅಲ್ಲ. ಹೆಚ್ಚಿನ ಹಡಗುಗಳಲ್ಲಿ ಸಂಜೆ ಮೇನ್ ಡೈನಿಂಗ್ ಹಾಲ್‌ನಲ್ಲಿ ಊಟಕ್ಕೆ ಕೂರುವವರಿಗೆ ಆ ನಿಯಮ. ಕೋಟು ಬೇಡ ಅನ್ನುವವರು ಬಫೆಗೆ ಹೋಗಿ ಸಾದಾ ಶರ್ಟು ಪ್ಯಾಂಟಿನಲ್ಲಿ ಆರಾಮಾಗಿ ಊಟ ಮಾಡಬಹುದು. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಆ ಬಫೆಗೆ ವಿಂಡ್‌ಜ್ಯಾಮರ್ ಅಂತ ಹೆಸರು. ನಾರ್ವೇಜಿಯನ್ ಕ್ರೂಸ್ ಲೈನ್‌ನಂಥ ಕಂಪನಿಗಳಲ್ಲಿ ಫಾರ್ಮಲ್ ಕಡ್ಡಾಯವೇ ಇಲ್ಲ. ಇನ್ನೊಂದು ಕಡೆ ಕ್ಯೂನಾರ್ಡ್ ಅನ್ನುವ ಕಂಪನಿ ಇದೆ. ಅಲ್ಲಿ ಗಾಲಾ ಈವ್ನಿಂಗ್ ಅಂತ ಮಾಡುತ್ತಾರೆ, ಟಕ್ಸಿಡೊ, ಅಂದರೆ ಬೋ ಟೈ ಜೊತೆ ಹಾಕುವ ಸಂಜೆಯ ಸೂಟ್, ಹಾಕಿದವರೇ ತುಂಬಿರುತ್ತಾರೆ. ಅಲ್ಲೂ ಡಾರ್ಕ್ ಸೂಟ್ ನಡೆಯುತ್ತದೆ. ಅವರವರ ದೇಶದ ಸಾಂಪ್ರದಾಯಿಕ ಉಡುಪು ಹಾಕಿದರೂ ಸರಿ. ಅಷ್ಟು ಕಟ್ಟುನಿಟ್ಟಿನ ಕಂಪನಿಯೇ ಒಪ್ಪುವಾಗ ಸಿಂಗಾಪುರದ ಹಡಗಿನಲ್ಲಿ ಬಂದ್‌ಗಲಾ ಹಾಕಿದ ನಿಮ್ಮನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ. ಆದರೂ ನಿಮ್ಮ ಬುಕಿಂಗ್‌ನಲ್ಲಿ ಡ್ರೆಸ್ ಕೋಡ್ ಅಂತ ಒಂದು ಪುಟ ಇರುತ್ತದೆ. ಮಗಳಿಗೆ ಹೇಳಿ ಅದನ್ನು ಒಮ್ಮೆ ಓದಿಸಿ.

ಈಗ ಬಾಡಿಗೆಯ ಮಾತು. ನಮ್ಮಲ್ಲಿ ಸೂಟ್, ಶೇರ್ವಾನಿ ಬಾಡಿಗೆಗೆ ಕೊಡುವ ಅಂಗಡಿಗಳು ನಡೆಯುವುದು ಮದುವೆ ಲೆಕ್ಕದಲ್ಲಿ. ಇವತ್ತು ಸಂಜೆ ಒಯ್ದು, ರಿಸೆಪ್ಷನ್ ಮುಗಿಸಿ, ನಾಡಿದ್ದು ವಾಪಸ್ ತಂದುಕೊಡುವವರಿಗೆ ಅದು ಸರಿಯಾದ ವ್ಯವಸ್ಥೆ. ಕ್ರೂಸ್‌ನ ಲೆಕ್ಕ ಬೇರೆ. ನೀವು ಹೊರಡುವ ಹಿಂದಿನ ದಿನ ಸೂಟ್ ತರಬೇಕು. ರಾತ್ರಿ ರೈಲಿನಲ್ಲೋ, ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನದಲ್ಲೋ ಬೆಂಗಳೂರು ಸೇರಬೇಕು. ಅಲ್ಲಿಂದ ಸಿಂಗಾಪುರ. ಹಡಗು ತಪ್ಪಬಾರದು ಅಂತ ಎಲ್ಲರೂ ಒಂದು ದಿನ ಮೊದಲೇ ಹೋಗಿ ಉಳಿಯುತ್ತಾರೆ, ಹಾಗೆ ಮಾಡುವುದೇ ಒಳ್ಳೆಯದು. ಆಮೇಲೆ ನಾಲ್ಕು ರಾತ್ರಿ ಹಡಗು. ಇಳಿದ ಮೇಲೆ ಊರು ನೋಡಲು ಒಂದೆರಡು ದಿನ. ಮತ್ತೆ ವಾಪಸ್ ಪ್ರಯಾಣ. ಸೂಟ್ ಮೈಮೇಲೆ ಇರುವುದು ಮೂರು ಗಂಟೆ. ಬಾಡಿಗೆ ಏರುವುದು ಒಂಬತ್ತು ಹತ್ತು ದಿನಕ್ಕೆ. ಡಿಸೆಂಬರಿನಲ್ಲಿ ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಬೆಳಗಿನ ಮಂಜಿಗೆ ವಿಮಾನ ತಡವಾಗುವುದೂ ಇದೆ. ಒಂದು ದಿನ ತಡವಾದರೆ ಅದಕ್ಕೂ ದುಡ್ಡು ಕಟ್ಟಬೇಕು.

ಹಾಗಾಗಿ ದಿನದ ಬಾಡಿಗೆ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಅಂಗಡಿಯಿಂದ ಹೊರಟ ದಿನದಿಂದ ಹಿಂದೆ ಕೊಡುವ ದಿನದವರೆಗೆ ಒಟ್ಟು ಎಷ್ಟು ಅಂತ ಕೇಳಿ. ಆ ಒಟ್ಟು ಮೊತ್ತ ಬಟ್ಟೆ, ಹೊಲಿಗೆ ಎರಡೂ ಸೇರಿದ ಖರ್ಚಿನ ಅರ್ಧ ದಾಟಿದರೆ ಹೊಲಿಸುವುದೇ ಮೇಲು ಅನ್ನುವುದು ನನ್ನ ಲೆಕ್ಕ. ಒಂದು ವಿಷಯ ಮಾತ್ರ ನಿಮ್ಮ ಕಡೆಗಿದೆ. ನೀವು ಹೋಗುವ ಹೊತ್ತಿಗೆ ಧನುರ್ಮಾಸ. ಮದುವೆಗಳು ಇರುವುದಿಲ್ಲ. ಬಾಡಿಗೆ ಸೂಟುಗಳು ಹ್ಯಾಂಗರ್‌ನಲ್ಲಿ ಸುಮ್ನೆ ತೂಗಾಡುತ್ತಿರುತ್ತವೆ. ಹತ್ತು ದಿನಕ್ಕೆ ಒಂದೇ ಮೊತ್ತ ಅಂತ ಧಾರಾಳವಾಗಿ ಚೌಕಾಸಿ ಮಾಡಬಹುದು. ವೈಶಾಖದಲ್ಲಿ ಈ ಮಾತು ನಡೆಯುವುದಿಲ್ಲ.

ಯಾರಿಗೆ ಬಾಡಿಗೆ ಒಳ್ಳೆಯದು? ಕ್ಯೂನಾರ್ಡ್ ತರಹದ ಹಡಗಿಗೆ ಹೋಗುತ್ತಾ, ಟಕ್ಸಿಡೊನೇ ಹಾಕಬೇಕು ಅಂತ ಆಸೆ ಇರುವವರಿಗೆ. ಟಕ್ಸಿಡೊ ನಮ್ಮ ಕಡೆ ಇನ್ನೊಮ್ಮೆ ಹಾಕಲು ಜಾಗವೇ ಸಿಗದು. ಎದೆಯ ಮೇಲೆ ಮಡಚಿದ ಲೇಪಲ್‌ಗೆ ಸ್ಯಾಟಿನ್, ಪ್ಯಾಂಟಿನ ಪಕ್ಕಕ್ಕೆ ಸ್ಯಾಟಿನ್ ಪಟ್ಟಿ, ಬೋ ಟೈ. ಮಗಳ ನಿಶ್ಚಿತಾರ್ಥಕ್ಕೋ ಬ್ಯಾಂಕಿನ ಸಮಾರಂಭಕ್ಕೋ ಅದನ್ನು ಹಾಕಿಕೊಂಡು ಹೋಗುವುದು ಕಷ್ಟ. ಹಾಗೇ ಮೈಕಟ್ಟು ಇನ್ನೂ ಬದಲಾಗುತ್ತಿರುವ ಕಾಲೇಜು ಹುಡುಗರಿಗೂ ಬಾಡಿಗೆ ಸರಿ. ಚಿಕ್ಕ ಮಕ್ಕಳಿಗೆ ಎರಡೂ ಬೇಡ. ಬಿಳಿ ಶರ್ಟು, ಕಪ್ಪು ಪ್ಯಾಂಟು, ಮೇಲೊಂದು ವೇಸ್ಟ್ ಕೋಟ್ ಸಾಕು.

ಬಾಡಿಗೆಗೇ ತರುವವರು ಒಂದನ್ನು ಮಾತ್ರ ಬಿಡದೆ ನೋಡಿ, ಭುಜ. ತೋಳಿನ ಉದ್ದ ತಗ್ಗಿಸಬಹುದು. ಪ್ಯಾಂಟಿನ ಉದ್ದ, ಸೊಂಟ ಸರಿಮಾಡಬಹುದು. ಬಾಡಿಗೆ ಬಟ್ಟೆಗೆ ಕಚ್ಚಾ ಹೊಲಿಗೆ ಹಾಕಿ ಕೊಡುತ್ತಾರೆ. ಭುಜ ಮಾತ್ರ ಯಾರಿಂದಲೂ ಸುಲಭಕ್ಕೆ ಸರಿಯಾಗದು. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವಲ್ಲೇ ಕೂರಬೇಕು. ಕೈ ಕೆಳಗೆ ಬಿಟ್ಟು ನಿಂತಾಗ ತೋಳಿನ ಮೇಲ್ಭಾಗದಲ್ಲಿ ಗುಳಿ ಬಿದ್ದರೆ ಆ ಕೋಟು ದೊಡ್ಡದು. ಕುತ್ತಿಗೆಯ ಹಿಂದೆ ಕೋಟಿನ ಕಾಲರ್‌ಗೂ ಶರ್ಟಿನ ಕಾಲರ್‌ಗೂ ನಡುವೆ ಸಂದು ಕಂಡರೆ ಬೇರೆಯದು ಕೇಳಿ. ಕಂಕುಳಿನ ಲೈನಿಂಗ್ ಮುಟ್ಟಿ ನೋಡಿ, ಮೂಸಿಯೂ ನೋಡಿ, ಅದರಲ್ಲಿ ನಾಚಿಕೆ ಏನಿಲ್ಲ. ಮೊದಲೇ ಇರುವ ಕಲೆ, ಹರಿದ ಜಾಗ, ಇಸ್ತ್ರಿಯಿಂದ ಹೊಳೆಯುವ ಜಾಗಗಳ ಫೋಟೋ ಅಂಗಡಿಯವರ ಎದುರಿಗೇ ತೆಗೆದುಕೊಳ್ಳಿ. ಅಡ್ವಾನ್ಸ್ ಎಷ್ಟು, ಯಾವುದಕ್ಕೆ ಹಿಡಿದುಕೊಳ್ಳುತ್ತಾರೆ ಅನ್ನುವುದು ಚೀಟಿಯಲ್ಲಿ ಬರೆದಿರಲಿ. ಹಡಗಿನಲ್ಲಿ ಸಾರು ಚೆಲ್ಲಿದರೆ ನೀರಿನಲ್ಲಿ ತೊಳೆಯಲು ಹೋಗಬೇಡಿ. ಒಣಬಟ್ಟೆಯಲ್ಲಿ ಒತ್ತಿ ತೆಗೆದು ಹಾಗೇ ತನ್ನಿ. ಕೋಟಿನ ಒಳಗೆ ಅಂಟಿಸಿರುವ ಫ್ಯೂಸಿಂಗ್ ಪದರಕ್ಕೆ ನೀರು ಹೋದರೆ ಅಂಟು ಬಿಟ್ಟು ಎದೆಯ ಮೇಲೆ ಗುಳ್ಳೆ ಏಳುತ್ತದೆ. ಆಮೇಲೆ ಯಾವ ಡ್ರೈ ಕ್ಲೀನಿಂಗ್‌ನಲ್ಲೂ ಅದು ಕೂರುವುದಿಲ್ಲ.

ಹೊಲಿಸುವುದಾದರೆ ಮಲೆನಾಡಿನವರು ಯೋಚಿಸಬೇಕಾದ ಮುಖ್ಯ ವಿಷಯ ಬೇರೆ ಇದೆ. ಬೆಂಗಳೂರಿನವರು ಇದನ್ನು ಯೋಚಿಸುವುದಿಲ್ಲ. ಕೋಟು ಕೊಂಡ ಮೇಲೆ ಅದನ್ನು ಇಡುವುದು ಎಲ್ಲಿ? ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಮಳೆಗಾಲದಲ್ಲಿ ಬೀರು ತೆರೆದರೆ ಬೆಲ್ಟು, ಬ್ಯಾಗು, ಕೋಟು ಎಲ್ಲದರ ಮೇಲೂ ಬಿಳಿ ಬೂಷ್ಟು. ದುಡ್ಡು ಸುರಿದು ಶುದ್ಧ ಉಣ್ಣೆಯ ಸೂಟ್ ಹೊಲಿಸಿ, ಎರಡು ಮಳೆಗಾಲ ಕಳೆದ ಮೇಲೆ ಅದನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದವರನ್ನು ನೋಡಿದಾಗೆಲ್ಲ ಹೊಟ್ಟೆ ಉರಿದಿದೆ. ನುಸಿ ತಿಂದ ತೂತು ಬೇರೆ ಇರುತ್ತದೆ. ಉಣ್ಣೆ ನುಸಿಯ ಮರಿಗಳಿಗೆ ಊಟ. ಬಟ್ಟೆಯಲ್ಲಿ ಉಳಿದ ಬೆವರು, ಊಟದ ಕಲೆ, ಗಂಜಿ ಬೂಷ್ಟಿಗೆ ಊಟ.

ಅದಕ್ಕೇ ನಮ್ಮ ಕಡೆಯವರಿಗೆ ನಾನು ಪಾಲಿ-ವಿಸ್ಕೋಸ್, ಅಂದರೆ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ನೂಲು ಬೆರೆಸಿದ ಸೂಟಿಂಗ್ ಹೇಳುತ್ತೇನೆ. ಉಣ್ಣೆ ಮೈಮೇಲೆ ಇಳಿಬೀಳುವ ಅಂದ ಅದಕ್ಕೆ ಇಲ್ಲ, ನಿಜ. ಆದರೆ ನುಸಿಗೆ ಬೇಡ, ಸುಕ್ಕು ಕಡಿಮೆ, ಬೆಲೆಯೂ ಕಡಿಮೆ. ಹಾಕಿ ಬಂದ ಮೇಲೆ ಒಂದು ದಿನ ಗಾಳಿಗೆ ಹಾಕಿ. ಮಳೆಗಾಲ ಶುರುವಾಗುವ ಮೊದಲು ಡ್ರೈ ಕ್ಲೀನ್ ಮಾಡಿಸಿ. ಅವರು ಹಾಕಿ ಕೊಡುವ ಪ್ಲಾಸ್ಟಿಕ್ ಕವರನ್ನು ಅವತ್ತೇ ತೆಗೆದು ಬಿಸಾಡಿ, ಅದರೊಳಗೆ ತೇವ ಕೂತುಬಿಡುತ್ತದೆ. ಹಳೇ ಕಾಟನ್ ಪಂಚೆಯಲ್ಲಿ ಒಂದು ಕವರ್ ಹೊಲಿಸಿಕೊಳ್ಳಿ. ಬೀರುವನ್ನು ಹೊರಗೋಡೆಗೆ ಒತ್ತಿ ಇಡಬೇಡಿ. ಮಳೆ ಬಿಟ್ಟು ಬಿಸಿಲು ಬಂದ ದಿನ ಕೋಟನ್ನು ಹೊರಗೆ ತೆಗೆದು ನೆರಳಿನ ಗಾಳಿಯಲ್ಲಿ ತೂಗುಹಾಕಿ. ಬಚ್ಚಲೊಲೆಯ ಹತ್ತಿರ ಒಣಗಿಸಿದರೆ ಹೊಗೆಯ ವಾಸನೆ ಹೋಗುವುದೇ ಇಲ್ಲ.

ಬಂದ್‌ಗಲಾ ಯಾಕೆ ಅಂದರೆ, ಅದಕ್ಕೆ ಟೈ ಬೇಡ. ಒಳಗಿನ ಶರ್ಟು ಯಾವುದಾದರೂ ನಡೆಯುತ್ತದೆ. ಜೀವಮಾನದಲ್ಲಿ ಟೈ ಕಟ್ಟದವರು ಮೊದಲ ಸಲ ಹಡಗಿನಲ್ಲಿ ಕಟ್ಟಿಕೊಂಡರೆ ಊಟ ಮುಗಿಯುವವರೆಗೂ ಕುತ್ತಿಗೆ ಮುಟ್ಟಿಕೊಳ್ಳುತ್ತಲೇ ಇರುತ್ತಾರೆ. ಹಳೇ ಮೈಸೂರು ಕಡೆಯ ಮೇಷ್ಟ್ರುಗಳು, ವಕೀಲರು ಕಚ್ಚೆಪಂಚೆಯ ಮೇಲೆ ಕ್ಲೋಸ್ ಕೋಟು ಹಾಕುತ್ತಿದ್ದರಲ್ಲ, ಅದೇ ಜಾತಿಯ ಉಡುಪು ಇದು. ನಮ್ಮವರ ಮೈಗೆ, ಸ್ವಲ್ಪ ಹೊಟ್ಟೆ ಬಂದ ವಯಸ್ಸಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಕಡುನೀಲಿ ಬಣ್ಣ ಆರಿಸಿ. ಹಡಗಿನಲ್ಲಿ ಹಾಕಿದ್ದನ್ನೇ ವೈಶಾಖದಲ್ಲಿ ಮಗನ ರಿಸೆಪ್ಷನ್‌ಗೆ ಹಾಕಬಹುದು. ಇಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು. ನಿಮಗೆ ಕೆಲವೇ ತಿಂಗಳಲ್ಲಿ ಎರಡು ಸಂದರ್ಭ ಇವೆ. ಬಾಡಿಗೆಯಾದರೆ ಎರಡು ಸಲ ಕೊಡಬೇಕು, ಎರಡನೆಯದು ಮದುವೆ ಸೀಸನ್ನಿನ ದರದಲ್ಲಿ. ಮಗನ ಮದುವೆ ಇಲ್ಲದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ.

ಕೋಟು, ಪ್ಯಾಂಟು ಸೇರಿ ಸಾಧಾರಣ ಮೈಕಟ್ಟಿಗೆ ಮೂರೂಕಾಲು ಮೀಟರ್ ಬಟ್ಟೆ ಬೇಕು. ಎತ್ತರದವರಿಗೆ ಸ್ವಲ್ಪ ಜಾಸ್ತಿ. ಕಾಲರ್ ಹಾಕಿದ ಮೇಲೆ ಒಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಕುರ್ಚಿಯ ಮೇಲೆ ಕೂತು ಟ್ರಯಲ್ ನೋಡಿ. ಬರೀ ನಿಂತು ನೋಡಿದರೆ ಹೊಟ್ಟೆಯ ಗುಂಡಿ ಹೇಗೆ ಎಳೆಯುತ್ತದೆ ಅಂತ ಗೊತ್ತಾಗುವುದಿಲ್ಲ.

ಮನೆಯವರಿಗೆ ಗೌನ್ ಬೇಡವೇ ಬೇಡ. ಫಾರ್ಮಲ್ ನೈಟ್‌ನಲ್ಲಿ ರೇಷ್ಮೆ ಸೀರೆ ಉಟ್ಟವರನ್ನು ಜನ ನಿಂತು ನೋಡುತ್ತಾರೆ. ನಮ್ಮಕ್ಕ ಮೈಸೂರು ಸಿಲ್ಕ್ ಉಟ್ಟಿದ್ದಳು, ಪಕ್ಕದ ಟೇಬಲ್ಲಿನವರು ಎದ್ದು ಬಂದು ಸೀರೆ ಬಗ್ಗೆ ವಿಚಾರಿಸಿದರು. ನಿಮ್ಮ ಮನೆಯವರ ಹತ್ತಿರ ಮೈಸೂರು ಸಿಲ್ಕ್ ಇದ್ದರೆ ಅದನ್ನೇ ಒಯ್ಯಿರಿ. ಕ್ರೇಪ್ ಆದ್ದರಿಂದ ಪೆಟ್ಟಿಗೆಯಲ್ಲಿ ಮಡಚಿದರೂ ಸುಕ್ಕು ಬೀಳುವುದು ಕಡಿಮೆ, ಭಾರವೂ ಇಲ್ಲ. ಜರಿಗೆ ಪರ್ಫ್ಯೂಮ್ ತಾಗಬಾರದು, ಕಪ್ಪಾಗುತ್ತದೆ. ಡೈನಿಂಗ್ ಹಾಲ್‌ನಲ್ಲಿ ಏಸಿ ಜೋರಾಗಿರುತ್ತದೆ, ಒಂದು ಶಾಲು ಇರಲಿ. ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ. ದೊಡ್ಡ ಹಡಗಾದರೂ ಕೆಲವು ರಾತ್ರಿ ಸ್ವಲ್ಪ ಓಲಾಡುತ್ತದೆ.

ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ. ಬೆಂಕಿಯ ಭಯಕ್ಕೆ ಕ್ಯಾಬಿನ್‌ನಲ್ಲಿ ಅದನ್ನು ಬಿಡುವುದಿಲ್ಲ, ಹತ್ತುವಾಗಲೇ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಕೈಯಲ್ಲಿ ಹಿಡಿಯುವ ಸ್ಟೀಮರ್‌ಗೂ ಸಾಮಾನ್ಯವಾಗಿ ಇದೇ ಗತಿ. ದುಡ್ಡು ಕೊಟ್ಟರೆ ಹಡಗಿನವರೇ ಇಸ್ತ್ರಿ ಮಾಡಿಸಿ ಕೊಡುತ್ತಾರೆ. ನಾನು ಮಾಡಿದ್ದು ಇಷ್ಟೇ: ಕ್ಯಾಬಿನ್ ಸೇರಿದ ತಕ್ಷಣ ಕೋಟನ್ನು ಪೆಟ್ಟಿಗೆಯಿಂದ ತೆಗೆದು, ಬಿಸಿನೀರು ಸ್ನಾನ ಮಾಡುವಾಗ ಬಾತ್‌ರೂಮಿನ ಬಾಗಿಲ ಹಿಂದೆ ತೂಗುಹಾಕಿದೆ. ಹಬೆಗೆ ಸಣ್ಣ ಸುಕ್ಕೆಲ್ಲ ಇಳಿಯಿತು. ಪೆಟ್ಟಿಗೆಯಲ್ಲಿ ಇಡುವಾಗ ಕೋಟಿನ ಒಂದು ಭುಜವನ್ನು ಒಳಹೊರಗು ಮಾಡಿ ಇನ್ನೊಂದು ಭುಜದೊಳಗೆ ತೂರಿಸಿ, ಮಧ್ಯೆ ಒಂದು ಟವಲ್ ಇಟ್ಟು ಮಡಚಿ. ಹತ್ತುವ ದಿನ ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ಒಪ್ಪಿಸಬೇಕು. ಅವು ಕ್ಯಾಬಿನ್‌ಗೆ ಬರುವಾಗ ಸಂಜೆ ಆಗುತ್ತದೆ. ಫಾರ್ಮಲ್ ನೈಟ್ ಸಾಮಾನ್ಯವಾಗಿ ಮೊದಲ ರಾತ್ರಿಯೇ ಇರುವುದಿಲ್ಲವಾದ್ದರಿಂದ ಚಿಂತೆ ಇಲ್ಲ.

ಬೂಟಿನ ಬಗ್ಗೆ ಒಂದು ಮಾತು. ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟ ಹಳೇ ಬೂಟು ಇದ್ದರೆ ಈಗಲೇ ತೆಗೆದು ಒಂದು ದಿನ ಹಾಕಿಕೊಂಡು ಓಡಾಡಿ. ಪಿಯು (ಪಾಲಿಯುರೆಥೇನ್) ಸೋಲ್ ಆದರೆ ನಮ್ಮ ತೇವಕ್ಕೆ ಒಳಗೊಳಗೇ ಹಾಳಾಗಿರುತ್ತದೆ. ನೋಡಲು ಚೆನ್ನಾಗಿರುತ್ತದೆ, ನಡೆದರೆ ಪುಡಿಪುಡಿಯಾಗಿ ಉದುರುತ್ತದೆ. ಹೊಸದು ಕೊಳ್ಳುವುದಾದರೆ ಕಪ್ಪು ಬೂಟು ತೆಗೆದುಕೊಂಡು ಊರಿನಲ್ಲೇ ನಾಲ್ಕು ದಿನ ಹಾಕಿ ಪಳಗಿಸಿ.

ಅಳತೆಯನ್ನು ದೀಪಾವಳಿಗೆ ಮೊದಲೇ ಕೊಟ್ಟುಬಿಡಿ. ತುಳಸಿ ಹಬ್ಬ ಮುಗಿಯುತ್ತಿದ್ದ ಹಾಗೆ ಮದುವೆ ಕೆಲಸ ಶುರುವಾಗುತ್ತದೆ, ಆಮೇಲೆ ಯಾವ ಟೈಲರ್‌ಗೂ ಎರಡು ಟ್ರಯಲ್ ಕೊಡುವಷ್ಟು ಪುರುಸೊತ್ತು ಇರುವುದಿಲ್ಲ. ತೀರ್ಥಹಳ್ಳಿಯಲ್ಲೇ ಕೋಟು ಹೊಲಿಯುವವರು ಗೊತ್ತಿದ್ದರೆ ಅಲ್ಲೇ ಕೊಡಿ, ಟ್ರಯಲ್‌ಗೆ ಹೋಗಿಬರಲು ಹತ್ತಿರ. ಪ್ಯಾಂಟಿನ ಸೊಂಟದಲ್ಲಿ, ಕೋಟಿನ ಎರಡೂ ಪಕ್ಕದಲ್ಲಿ ಮಾರ್ಜಿನ್ ಬಿಡಲು ಹೇಳುವುದನ್ನು ಮರೆಯಬೇಡಿ. ಹಡಗಿನಿಂದ ಬಂದು ವೈಶಾಖದವರೆಗೆ ಮೈ ಸ್ವಲ್ಪ ಬಂದರೂ ಅದೇ ಕೋಟನ್ನು ಬಿಚ್ಚಿ ಸರಿಮಾಡಿಸಿಕೊಳ್ಳಬಹುದು.