ತಯಾರಿಕೆ ನಿಂತ ಯಂತ್ರಕ್ಕೆ ಹೊಸ ಆಟ, ಹೊಸ ಪತ್ರಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಂಪನಿಗಳು ಕೈಬಿಟ್ಟ ವಿಡಿಯೋ ಗೇಮ್ ಯಂತ್ರಗಳಿಗೆ ಅಭಿಮಾನಿಗಳು ತಾವೇ ಮಾಡುವ ಆಟಗಳು ಮತ್ತು ಆ ಯಂತ್ರಗಳ ಬಗ್ಗೆ ಅವರೇ ಹೊರತರುವ ಪತ್ರಿಕೆಗಳ ಕುರಿತು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾನು ಶಾಲೆಯಲ್ಲಿದ್ದಾಗ ಅಪ್ಪ ಹಾಸನದ ಅಂಗಡಿಯೊಂದರಲ್ಲಿ ಕೊಡಿಸಿದ, ಟಿವಿಗೆ ಜೋಡಿಸಿ ಆಡುವ ಕ್ಯಾಸೆಟ್ ಗೇಮ್ ಇನ್ನೂ ಕೆಲಸ ಮಾಡುತ್ತಿದೆ. ಇಂಥ ಯಂತ್ರಕ್ಕೆ ಈಗಲೂ ಹೊಸ ಆಟಗಳು ಬರುತ್ತಿವೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಕಂಪನಿಯೇ ಬಿಟ್ಟ ಯಂತ್ರಕ್ಕೆ ಆಟ ಮಾಡುವವರು ಯಾರು? ಅದು ಹೇಗೆ ಸಾಧ್ಯ?
– ಓದುಗರು, ಅರಸೀಕೆರೆ

ಉತ್ತರ: ನಿಮ್ಮ ಪತ್ರದ ವಿವರಣೆಯನ್ನು ನೋಡಿದರೆ ನಿಮ್ಮಲ್ಲಿರುವುದು ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರದ ನಕಲು ಎನಿಸುತ್ತದೆ. ಮೂಲ ಯಂತ್ರವು 1983ರ ಜುಲೈ 15ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದು, 1985ರಲ್ಲಿ ಬೇರೆ ಹೊರಮೈಯೊಂದಿಗೆ ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ಜಪಾನಿನಲ್ಲಿ ಅದರ ತಯಾರಿಕೆ ನಿಂತದ್ದು 2003ರಲ್ಲಿ. ನಮ್ಮ ಊರುಗಳ ಅಂಗಡಿಗಳಿಗೆ 1990ರ ದಶಕದಲ್ಲಿ ಬಂದವು ಹೆಚ್ಚಾಗಿ ಅದರ ಅಗ್ಗದ ನಕಲುಗಳು. ಜೊತೆಗೆ ಬರುತ್ತಿದ್ದ ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಅಚ್ಚಾಗಿರುತ್ತಿತ್ತು, ಒಳಗಿನ ಬೆರಳೆಣಿಕೆಯ ಆಟಗಳೇ ಬೇರೆ ಬೇರೆ ಹಂತದಿಂದ ಶುರುವಾಗಿ ಪಟ್ಟಿಯನ್ನು ಉದ್ದ ಮಾಡುತ್ತಿದ್ದವು ಎಂಬುದು ಆಡಿದವರಿಗೆಲ್ಲ ಗೊತ್ತು.

ಹೊಸ ಆಟ ಮಾಡಲು ಸಾಧ್ಯವಾಗಿರುವುದಕ್ಕೆ ಮುಖ್ಯ ಕಾರಣ ಯಂತ್ರದ ಸರಳತೆ. ಇದರ ಪ್ರೊಸೆಸರ್ 6502 ಎಂಬ ಪ್ರಸಿದ್ಧ ವಂಶದ್ದು. ಆ್ಯಪಲ್ 2 ಕಂಪ್ಯೂಟರಿನಲ್ಲಿ ಇದ್ದದ್ದೂ 6502 ಪ್ರೊಸೆಸರೇ ಆದ್ದರಿಂದ, ನಿಂಟೆಂಡೊ ಏನನ್ನೂ ಬಿಟ್ಟುಕೊಡದಿದ್ದರೂ ಅದಕ್ಕೆ ಪ್ರೋಗ್ರಾಂ ಬರೆಯುವ ವಿದ್ಯೆ ಮೊದಲಿನಿಂದಲೇ ಎಲ್ಲರ ಕೈಯಲ್ಲಿತ್ತು. ಚಿತ್ರ ಮೂಡಿಸುವ ಚಿಪ್ ಮಾತ್ರ ಗುಟ್ಟಿನದಾಗಿತ್ತು. ಅದನ್ನು ಹವ್ಯಾಸಿಗಳು ಅಳೆದು, ಪರೀಕ್ಷಿಸಿ, ತಾವು ಕಂಡುಕೊಂಡದ್ದನ್ನು ಬರೆದಿಟ್ಟು ಒಬ್ಬರಿಂದೊಬ್ಬರಿಗೆ ಹಂಚಿದರು. ಯಂತ್ರದ ಕೆಲಸದ ಮೆಮೊರಿ ಕೇವಲ 2 ಕೆಬಿ. ಇಷ್ಟು ಚಿಕ್ಕ ಯಂತ್ರವನ್ನು ಒಬ್ಬ ಮನುಷ್ಯ ಪೂರ್ತಿಯಾಗಿ ತಲೆಯಲ್ಲಿಟ್ಟುಕೊಳ್ಳಬಹುದು, ಇಂದಿನ ಯಂತ್ರಗಳ ವಿಷಯದಲ್ಲಿ ಆ ಮಾತನ್ನು ಹೇಳುವಂತಿಲ್ಲ. 2010ರಲ್ಲಿ ಬಂದ ‘ಬ್ಯಾಟಲ್ ಕಿಡ್’ ಹೆಚ್ಚುಕಡಿಮೆ ಒಬ್ಬರೇ ಮಾಡಿದ ಆಟ. 2019ರ ‘ಮೈಕ್ರೋ ಮೇಜಸ್’ ನಾಲ್ವರು ಒಟ್ಟಿಗೆ ಆಡಬಹುದಾದದ್ದಾಗಿದ್ದರೂ 40 ಕೆಬಿಯಲ್ಲಿ ಮುಗಿದಿದೆ.

ಕ್ಯಾಸೆಟ್ ತರಿಸುವ ಮೊದಲು ಎರಡು ವಿಷಯಗಳನ್ನು ನೋಡಿಕೊಳ್ಳಿ. ಹೊಸ ಆಟಗಳ ಕ್ಯಾಸೆಟ್‌ಗಳು ಹೆಚ್ಚಾಗಿ ಎನ್‌ಇಎಸ್‌ಗೆ ಹೊಂದುವ 72 ಪಿನ್ನಿನವು, ಫ್ಯಾಮಿಕಾಮ್ ಮಾದರಿಯ ಯಂತ್ರಗಳಿಗೆ ಬೇಕಾದದ್ದು 60 ಪಿನ್ನಿನವು, ಆದ್ದರಿಂದ ನಡುವೆ ಅಡಾಪ್ಟರ್ ಬೇಕಾದೀತು. ಎರಡನೆಯದಾಗಿ, ಅಮೆರಿಕ ಮತ್ತು ಜಪಾನಿನ ಯಂತ್ರಗಳು ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸಿದರೆ ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಪದ್ಧತಿಯ ಟಿವಿಗಳಿಗೆಂದು ಮಾಡಿದ ನಕಲುಗಳು 50ನ್ನು ತೋರಿಸುತ್ತವೆ. ಇದನ್ನು ಗಮನದಲ್ಲಿಟ್ಟುಕೊಳ್ಳದೆ ಮಾಡಿದ ಆಟ ನಿಮ್ಮಲ್ಲಿ ಆರನೇ ಒಂದು ಭಾಗದಷ್ಟು ನಿಧಾನವಾಗಿ ಓಡುತ್ತದೆ, ಸಂಗೀತವೂ ಎಳೆದಂತೆ ಕೇಳುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಕಾಫಿ ತೋಟಕ್ಕೆ ನುಗ್ಗುವ ಕಾಡಾನೆಗಳಿಂದ ತಪ್ಪಿಸಿಕೊಂಡು ಮನೆ ಸೇರುವ ಆಟವೊಂದನ್ನು ಫ್ಯಾಮಿಕಾಮ್‌ಗಾಗಿ, ಪೂರ್ತಿ ಕನ್ನಡದಲ್ಲಿ ಮಾಡಬೇಕೆಂದಿದ್ದೇನೆ. ಆ ಯಂತ್ರದಲ್ಲಿ ಕನ್ನಡ ಅಕ್ಷರ ಮೂಡುತ್ತದೆಯೇ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಮೂಡುತ್ತದೆ. ಈ ಯಂತ್ರದೊಳಗೆ ಯಾವ ಭಾಷೆಯ ಅಕ್ಷರವೂ ಇಲ್ಲ. ಇಂಗ್ಲಿಷಿನ ‘ಎ’ ಕೂಡ ಆಟ ಮಾಡಿದವರೇ ಬರೆದು ತುಂಬಿದ ಚಿತ್ರ. ಪರದೆಯನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಬಿಲ್ಲೆಗಳಾಗಿ ವಿಂಗಡಿಸಲಾಗಿದ್ದು, ಅಡ್ಡಕ್ಕೆ 32 ಮತ್ತು ಉದ್ದಕ್ಕೆ 30 ಬಿಲ್ಲೆಗಳು ಹಿಡಿಯುತ್ತವೆ. ಹಿನ್ನೆಲೆಗೆ ಒಮ್ಮೆಗೆ 256 ಬಗೆಯ ಬಿಲ್ಲೆಗಳನ್ನಷ್ಟೇ ಬಳಸಬಹುದು. ಇಂಗ್ಲಿಷಿನ ಅಕ್ಷರ ಒಂದು ಬಿಲ್ಲೆಯಲ್ಲಿ ಕೂರುತ್ತದೆ. ಕನ್ನಡದ ತಲೆಕಟ್ಟು, ಗುಡಿಸು, ಕೊಂಬುಗಳು ಆ ಜಾಗದಲ್ಲಿ ಕಲಸಿಹೋಗುವುದರಿಂದ ಒಂದು ಅಕ್ಷರಕ್ಕೆ ನಾಲ್ಕು ಬಿಲ್ಲೆ ಬೇಕು, ಕೆಳಗೆ ಒತ್ತು ಬಂದರೆ ಆರು, ‘ಯೋ’, ‘ಮೋ’ ಮುಂತಾದ ಅಗಲದವಕ್ಕೆ ಇನ್ನೂ ಹೆಚ್ಚು.

ಹಾಗಾಗಿ ಇಡೀ ಕಾಗುಣಿತವನ್ನು ಬರೆದು ತುಂಬುವ ಯೋಚನೆಯನ್ನು ಬಿಡಿ, ಅದಕ್ಕೆ ಜಾಗ ಸಾಲುವುದಿಲ್ಲ. ಆಟದಲ್ಲಿ ಬರುವ ಮಾತುಗಳನ್ನು ಮೊದಲು ಕಾಗದದ ಮೇಲೆ ನಿಶ್ಚಯಿಸಿ, ಅವುಗಳಲ್ಲಿ ಇರುವ ಅಕ್ಷರಗಳನ್ನಷ್ಟೇ ಬಿಡಿಸಿಕೊಳ್ಳಿ. ‘ಆಟ ಮುಗಿಯಿತು’ ಎನ್ನಲು ಆರು ಅಕ್ಷರ, 24 ಬಿಲ್ಲೆ. ಮಾತು ಹೆಚ್ಚಿರುವ ಆಟವೇ ಬೇಕೆಂದಾದರೆ, ಬಿಲ್ಲೆಗಳನ್ನು ಆಟದ ನಡುವೆ ಬದಲಿಸಲು ಬರುವಂತೆ ರ‍್ಯಾಮ್ ಇರುವ ಕ್ಯಾಸೆಟ್ ಬೋರ್ಡನ್ನು ಆರಿಸಿಕೊಳ್ಳಬೇಕಾಗುತ್ತದೆ. ಮೊದಲ ಆಟಕ್ಕೆ ಆ ತೊಡಕು ಬೇಡವೆಂದು ನಮ್ಮ ಸಲಹೆ.

ನಿಜವಾದ ತೊಂದರೆ ಇರುವುದು ಆನೆಯದು. ಓಡಾಡುವ ಚಿತ್ರಗಳನ್ನು ಸ್ಪ್ರೈಟ್ ಎನ್ನುತ್ತಾರೆ. ಪರದೆಯ ಮೇಲೆ ಒಟ್ಟು 64 ಸ್ಪ್ರೈಟ್‌ಗಳು ಇರಬಹುದಾದರೂ ಒಂದೇ ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಬಂದರೆ ಒಂಬತ್ತನೆಯದು ಕಾಣದಾಗುತ್ತದೆ. 32 ಚುಕ್ಕಿ ಅಗಲದ ಆನೆ ಒಂದು ಗೆರೆಯಲ್ಲಿ ನಾಲ್ಕು ಸ್ಪ್ರೈಟ್‌ಗಳನ್ನು ತಿನ್ನುತ್ತದೆ, ತಪ್ಪಿಸಿಕೊಳ್ಳುವವನು ಎರಡನ್ನು. ಉಳಿದ ಎರಡರಲ್ಲಿ ಮರಿಯಾನೆಗೆ ಜಾಗವಿದೆ, ಇನ್ನೊಂದು ದೊಡ್ಡ ಆನೆಗೆ ಇಲ್ಲ. ಹಳೆಯ ಆಟಗಳಲ್ಲಿ ಗುಂಪು ಸೇರಿದಾಗ ಚಿತ್ರಗಳು ಮಿಣುಕುತ್ತಿದ್ದದ್ದು ಇದೇ ಕಾರಣಕ್ಕೆ: ಯಾವುದೂ ಪೂರ್ತಿ ಮಾಯವಾಗದಿರಲೆಂದು ಪ್ರೋಗ್ರಾಂ ಸರದಿಯ ಮೇಲೆ ಒಂದೊಂದನ್ನು ಬಿಡುತ್ತಿತ್ತು. ಹಿಂಡನ್ನು ತೋರಿಸಬೇಕಿದ್ದರೆ ನಿಂತಿರುವ ಆನೆಗಳನ್ನು ಹಿನ್ನೆಲೆಯ ಬಿಲ್ಲೆಗಳಲ್ಲಿ ಬರೆದು, ಅಟ್ಟಿಸಿಕೊಂಡು ಬರುವ ಒಂದನ್ನು ಮಾತ್ರ ಸ್ಪ್ರೈಟ್ ಮಾಡಿ.

ಸಲಕರಣೆಗಳೆಲ್ಲ ಉಚಿತವಾಗಿ ಸಿಗುತ್ತವೆ. ಸಿ ಭಾಷೆ ಬಲ್ಲವರಿಗೆ ಸಿಸಿ65 ಕಂಪೈಲರ್ ಇದೆ, ಸಂಗೀತಕ್ಕೆ ಫ್ಯಾಮಿಟ್ರ್ಯಾಕರ್ ಇದೆ, ತಪ್ಪು ಹುಡುಕಲು ಮೆಸೆನ್ ಎಂಬ ಎಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲೇ ಈ ಯಂತ್ರದಂತೆ ಆಟ ಓಡಿಸುವ ತಂತ್ರಾಂಶ, ಇದೆ. ಕೊನೆಗೆ ಕ್ಯಾಸೆಟ್ಟಿಗೆ ಇಳಿಸುವಾಗ, ಅತಿ ಸರಳ ಬೋರ್ಡಿಗೆ ಪ್ರೋಗ್ರಾಂಗಾಗಿ 32 ಕೆಬಿಯ 27ಸಿ256 ಮತ್ತು ಚಿತ್ರಗಳಿಗಾಗಿ 8 ಕೆಬಿಯ 27ಸಿ64, ಹೀಗೆ ನಾವೇ ಪ್ರೋಗ್ರಾಂ ತುಂಬಬಹುದಾದ ಎರಡು ಇಪ್ರಾಮ್ ಚಿಪ್‌ಗಳು ಸಾಕು. ನಿಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ಇಪ್ರಾಮ್ ಪ್ರೋಗ್ರಾಮರ್ ಇದೆಯೇ ವಿಚಾರಿಸಿ. ಚಿಪ್‌ಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಒಮ್ಮೆ ಸುತ್ತಬೇಕಾದೀತು. ಹಳೆಯ ಕ್ಯಾಸೆಟ್ಟಿನ ಚಿಪ್ ಕಿತ್ತು ಅಲ್ಲಿ ಇವನ್ನು ಕೂರಿಸುವುದಾದರೆ ಕಾಲುಗಳ ಕ್ರಮ ಪೂರ್ತಿ ಒಂದೇ ಆಗಿರುವುದಿಲ್ಲ, ಕೆಲವನ್ನು ತಂತಿ ಎಳೆದು ಸರಿಪಡಿಸಬೇಕು ಎಂಬುದು ನೆನಪಿರಲಿ.

ಪ್ರಶ್ನೆ: ಅಟ್ಟದ ಮೇಲಿದ್ದ ಹಳೆಯ ಕ್ಯಾಸೆಟ್‌ಗಳು ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದಿವೆ. ಹಾಕಿದರೆ ಪರದೆ ಬೂದಾಗುತ್ತದೆ. ಊದಿ ಹಾಕಿದರೂ ಪ್ರಯೋಜನವಿಲ್ಲ.
– ಓದುಗರು, ಮೂಡಿಗೆರೆ

ಉತ್ತರ: ಊದಬೇಡಿ. ಉಸಿರಿನ ತೇವ ತಾಮ್ರದ ಪಟ್ಟಿಗಳನ್ನು ಇನ್ನಷ್ಟು ಹಾಳು ಮಾಡುತ್ತದೆ. ಊದಿದ ಮೇಲೆ ಆಟ ಬಂದದ್ದು ಕ್ಯಾಸೆಟ್ಟನ್ನು ಹೊರತೆಗೆದು ಮತ್ತೆ ಕೂರಿಸಿದ್ದರಿಂದ. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಐಪಿಎ ಎಂದು ಕೇಳಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತದೆ. ಹತ್ತಿಯ ಕಡ್ಡಿಯನ್ನು ಅದರಲ್ಲಿ ಅದ್ದಿ, ಕಪ್ಪು ಬಿಡುವುದು ನಿಲ್ಲುವವರೆಗೆ ಪಟ್ಟಿಗಳನ್ನು ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ ನೋಡಿ. ಆಮೇಲೆ ಸಿಲಿಕಾ ಜೆಲ್ ಪೊಟ್ಟಣವಿಟ್ಟ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ.

ಪ್ರಶ್ನೆ: ಅಮೆರಿಕದಿಂದ ಬಂದ ಚಿಕ್ಕಪ್ಪ ತಮ್ಮ ಹಳೆಯ ಸೆಗಾ ಡ್ರೀಮ್‌ಕಾಸ್ಟ್ ಕೊಟ್ಟು ಹೋಗಿದ್ದಾರೆ. ಆಟದ ಡಿಸ್ಕ್ ಒಂದೂ ಇಲ್ಲ. ಏನು ಮಾಡಬಹುದು?
– ಓದುಗರು, ಚಿಕ್ಕಮಗಳೂರು

ಉತ್ತರ: ಮೊದಲು ಅದನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಬೇಡಿ. ಅಮೆರಿಕದ ಡ್ರೀಮ್‌ಕಾಸ್ಟ್ ಅಲ್ಲಿನ 120 ವೋಲ್ಟ್‌ಗೆ ಮಾಡಿದ್ದು, ನಮ್ಮ 230 ವೋಲ್ಟ್ ಕೊಟ್ಟರೆ ಒಳಗಿನ ಪವರ್ ಸಪ್ಲೈ ಸುಟ್ಟುಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಹವ್ಯಾಸಿ ಆಟಗಳ ವಿಷಯದಲ್ಲಿ ನೀವು ಅದೃಷ್ಟವಂತರು. ಸೆಗಾ ಈ ಯಂತ್ರವನ್ನು ಜಪಾನಿನಲ್ಲಿ 1998ರ ನವೆಂಬರ್ 27ರಂದು ಬಿಡುಗಡೆ ಮಾಡಿ, 2001ರ ಜನವರಿ 31ರಂದು ಅದರ ತಯಾರಿಕೆಯನ್ನು ನಿಲ್ಲಿಸುವುದಾಗಿ ಘೋಷಿಸಿತು. ಆಟಗಳು ಸುಮಾರು 1 ಜಿಬಿ ಹಿಡಿಸುವ ಜಿಡಿ-ರಾಮ್ ಎಂಬ ವಿಶೇಷ ಡಿಸ್ಕಿನಲ್ಲಿ ಬರುತ್ತಿದ್ದುದರಿಂದ ಸಾಮಾನ್ಯ ಸಿಡಿಯಿಂದ ಯಾರೂ ಏನನ್ನೂ ಓಡಿಸಲಾರರೆಂದು ಕಂಪನಿ ನಂಬಿತ್ತು. ಆದರೆ ಹಾಡು ಮತ್ತು ಚಿತ್ರಗಳನ್ನು ಬೆರೆಸಿದ ಮಿಲ್-ಸಿಡಿ ಎಂಬ ಬಗೆಯ ಡಿಸ್ಕುಗಳಿಗಾಗಿ ಯಂತ್ರದಲ್ಲಿ ತಾನೇ ಇಟ್ಟಿದ್ದ ಅವಕಾಶದ ಮೂಲಕ ಸಿಡಿ-ಆರ್‌ನಿಂದಲೂ ಪ್ರೋಗ್ರಾಂ ಓಡಿಸಬಹುದೆಂದು 2000ದಲ್ಲಿ ಹೊರಬಿತ್ತು. ಅದರಿಂದ ಕಳ್ಳಪ್ರತಿಗಳು ಹಬ್ಬಿದವು ನಿಜ, ಆದರೆ ಯಂತ್ರಕ್ಕೆ ಯಾವ ತಿದ್ದುಪಡಿಯನ್ನೂ ಮಾಡದೆ ಹೊಸ ಆಟವನ್ನು ಹಂಚುವ ದಾರಿಯೂ ಅದರಿಂದಲೇ ತೆರೆಯಿತು. ಕ್ಯಾಲಿಸ್ಟಿಒಎಸ್ ಎಂಬ ಮುಕ್ತ ತಂತ್ರಾಂಶವನ್ನು ಆಧಾರವಾಗಿಟ್ಟುಕೊಂಡು ಆಟ ಬರೆಯುವವರು ಇಂದಿಗೂ ಇದ್ದಾರೆ. 2013ರಲ್ಲಿ, ಅಂದರೆ ಘೋಷಣೆಯಾಗಿ ಹನ್ನೆರಡು ವರ್ಷಗಳ ಮೇಲೆ, ‘ಸ್ಟರ್ಮ್‌ವಿಂಡ್’ ಎಂಬ ಆಟ ಅಚ್ಚಾದ ಡಿಸ್ಕಿನಲ್ಲಿ ಮಾರಾಟಕ್ಕೆ ಬಂತು.

ಮಾಡಿದವರೇ ಉಚಿತವಾಗಿ ಬಿಟ್ಟಿರುವ ಆಟವೊಂದನ್ನು ಒಳ್ಳೆಯ ಸಿಡಿ-ಆರ್‌ಗೆ ಕಡಿಮೆ ವೇಗದಲ್ಲಿ ಬರ್ನ್ ಮಾಡಿ ಹಾಕಿ ನೋಡಿ. ಓಡದಿದ್ದರೆ ಗಾಬರಿ ಬೇಡ, ಕೊನೆಯ ದಿನಗಳಲ್ಲಿ ತಯಾರಾದ ಕೆಲವು ಯಂತ್ರಗಳಲ್ಲಿ ಆ ದಾರಿಯನ್ನು ಸೆಗಾ ಮುಚ್ಚಿತ್ತು.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಹಳೆಯ ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ಸಣ್ಣ ಪತ್ರಿಕೆ ಮಾಡಬೇಕೆಂದಿದ್ದೇವೆ. ಅಚ್ಚು ಹಾಕಿಸುವಷ್ಟು ಹಣವಿಲ್ಲ. ಇಂಥ ಪತ್ರಿಕೆಗಳು ಬೇರೆ ಕಡೆ ಇವೆಯೇ? ಎಲ್ಲಿಂದ ಶುರುಮಾಡಬೇಕು?
– ಗೆಳೆಯರು, ಸಕಲೇಶಪುರ

ಉತ್ತರ: ಇಂಥ ಪತ್ರಿಕೆಗಳು ಹಿಂದಿನಿಂದಲೂ ಇವೆ. ಅಟಾರಿ 2600 ಎಂಬ ಗೇಮ್ ಯಂತ್ರವು 1977ರಲ್ಲಿ ಬಂದು 1992ರ ಆರಂಭದಲ್ಲಿ ನಿಂತಿತು. ಅಂಗಡಿಗಳಲ್ಲಿ ಮಾರುವ ಪತ್ರಿಕೆಗಳೆಲ್ಲ ಹೊಸ ಯಂತ್ರಗಳ ಹಿಂದೆ ಹೋದಾಗ, ಅಮೆರಿಕದ ಅಭಿಮಾನಿಗಳು ‘2600 ಕನೆಕ್ಷನ್’, ‘ಡಿಜಿಟಲ್ ಪ್ರೆಸ್’ ಮುಂತಾದ ಸ್ವಂತ ಪತ್ರಿಕೆಗಳನ್ನು 1990ರ ದಶಕದ ಆರಂಭದಲ್ಲೇ ಅಂಚೆಯ ಮೂಲಕ ಹಂಚುತ್ತಿದ್ದರು. ನಮ್ಮ ಹಾಸ್ಟೆಲುಗಳ ಕೈಬರಹದ ಪತ್ರಿಕೆಗಳನ್ನು ಕಂಡವರಿಗೆ ಇದೇನೂ ಹೊಸದಲ್ಲ.

ನಿಮ್ಮ ಮೊದಲ ಸಂಚಿಕೆಗೆ 16 ಪುಟ ಸಾಕು. ಎ4 ಹಾಳೆಯನ್ನು ಮಧ್ಯಕ್ಕೆ ಮಡಿಚಿದರೆ ನಾಲ್ಕು ಪುಟಗಳಾಗುವುದರಿಂದ ಪ್ರತಿಯೊಂದಕ್ಕೆ ಎರಡೂ ಬದಿ ಜೆರಾಕ್ಸ್ ಮಾಡಿಸಿದ ನಾಲ್ಕೇ ಹಾಳೆಗಳು ಮತ್ತು ಎರಡು ಸ್ಟೇಪ್ಲರ್ ಪಿನ್ನುಗಳು ಬೇಕಾಗುತ್ತವೆ. ಪುಟಗಳ ಸಂಖ್ಯೆ ಯಾವಾಗಲೂ ನಾಲ್ಕರ ಗುಣಕವಾಗಿರಲಿ. ಲಿಬ್ರೆಆಫೀಸಿನಲ್ಲಿ ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ, ಪ್ರಿಂಟ್ ಮಾಡುವಾಗ ಬ್ರೋಶರ್ ಎಂಬ ಆಯ್ಕೆಯನ್ನು ಒತ್ತಿದರೆ ಪುಟಗಳು ಮಡಿಕೆಗೆ ತಕ್ಕಂತೆ ತಾವೇ ಜೋಡಣೆಯಾಗುತ್ತವೆ. ಡಿಟಿಪಿ ಅಂಗಡಿಗೆ ಕೊಡುವುದಾದರೆ ಅವರು ಹಳೆಯ ನುಡಿ ಫಾಂಟಿನಲ್ಲಿ ಕೆಲಸ ಮಾಡುತ್ತಾರೆಯೇ ಎಂದು ಮೊದಲೇ ಕೇಳಿ, ಪರಿವರ್ತನೆಯಾದ ಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ.

ಚಿತ್ರಗಳಲ್ಲಿ ಎಲ್ಲರೂ ಎಡವುತ್ತಾರೆ. ಫ್ಯಾಮಿಕಾಮ್ ಪರದೆಯ ಅಗಲ 256 ಚುಕ್ಕಿ ಮಾತ್ರ, ಇಂಚಿಗೆ 300 ಚುಕ್ಕಿಯಂತೆ ಅಚ್ಚಾದರೆ ಅದು ಸುಮಾರು ಎರಡು ಸೆಂಟಿಮೀಟರಿಗೆ ಇಳಿಯುತ್ತದೆ. ಸರಿಯಾಗಿ ನಾಲ್ಕು ಪಟ್ಟು ಹಿಗ್ಗಿಸಿ; ಹಿಗ್ಗಿಸುವಾಗ ಅಂಚುಗಳನ್ನು ನಯಗೊಳಿಸುವ ಆಯ್ಕೆಯನ್ನು ತೆಗೆದುಹಾಕಿ, ಇಲ್ಲವಾದರೆ ಜೆರಾಕ್ಸಿನಲ್ಲಿ ಎಲ್ಲ ಮಸಿಯಾಗುತ್ತದೆ. ಹಳೆಯ ಡಬ್ಬಾ ಟಿವಿಯ ಫೋಟೋವೇ ಬೇಕಿದ್ದರೆ ಮೊಬೈಲನ್ನು ಅಲುಗದಂತೆ ನಿಲ್ಲಿಸಿ, ಕೋಣೆಯ ದೀಪ ಆರಿಸಿ, ಶಟರ್ ವೇಗವನ್ನು ಸೆಕೆಂಡಿನ 25ನೇ ಒಂದು ಭಾಗಕ್ಕೆ ಇಟ್ಟು ತೆಗೆಯಿರಿ, ಕಪ್ಪು ಪಟ್ಟಿ ಬರುವುದಿಲ್ಲ.

ಏನು ಬರೆಯಬೇಕೆಂಬ ಬಗ್ಗೆ ನಮ್ಮದೊಂದು ಅಭಿಪ್ರಾಯವಿದೆ. ಯಂತ್ರದ ಇತಿಹಾಸ, ಹತ್ತು ಶ್ರೇಷ್ಠ ಆಟಗಳು ಎಂಬಂಥ ಲೇಖನಗಳು ಬೇರೆಲ್ಲ ಕಡೆ ಸಿಗುತ್ತವೆ. ನಿಮ್ಮ ತಾಲ್ಲೂಕಿನಲ್ಲಿ ಆ ಯಂತ್ರಗಳನ್ನು ಯಾರು ಮಾರಿದರು, ಬಾಡಿಗೆಗೆ ಯಾರು ಕೊಟ್ಟರು, ಜಾಯ್‌ಸ್ಟಿಕ್ ಕೆಟ್ಟರೆ ಯಾವ ರೇಡಿಯೋ ರಿಪೇರಿಯವರು ಸರಿಮಾಡಿದರು ಎಂಬುದನ್ನು ಅವರನ್ನೇ ಕೇಳಿ ಬರೆದರೆ ಅದು ನಿಮ್ಮ ಪತ್ರಿಕೆಯಲ್ಲಲ್ಲದೆ ಬೇರೆಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಇದೆಲ್ಲ ಕಾನೂನಿಗೆ ಸರಿಯೇ? ಕಂಪನಿ ಬಿಟ್ಟ ಯಂತ್ರವಾದ್ದರಿಂದ ಹಳೆಯ ಆಟಗಳನ್ನು ಹಂಚಿದರೆ ತಪ್ಪೇನು?
– ಓದುಗರು, ಬೇಲೂರು

ಉತ್ತರ: ತಯಾರಿಕೆ ನಿಂತರೆ ಹಕ್ಕು ಹೋಗುವುದಿಲ್ಲ. ಹಳೆಯ ಆಟಗಳ ಕೃತಿಸ್ವಾಮ್ಯ ಇನ್ನೂ ಜಾರಿಯಲ್ಲಿದೆ, ಅವನ್ನು ಪ್ರತಿ ಮಾಡಿ ಹಂಚುವುದು ತಪ್ಪು. ಹಕ್ಕುದಾರರೇ ಬಾಗಿಲು ತೆರೆದ ಅಪರೂಪದ ಉದಾಹರಣೆ ಅಟಾರಿ ಜಾಗ್ವಾರ್‌ನದು: ಅದರ ಹಕ್ಕುಗಳನ್ನು ಪಡೆದಿದ್ದ ಹ್ಯಾಸ್ಬ್ರೊ ಕಂಪನಿಯು 1999ರಲ್ಲಿ ಆ ಯಂತ್ರವನ್ನು ಮುಕ್ತ ವೇದಿಕೆಯೆಂದು ಘೋಷಿಸಿ, ಯಾರು ಬೇಕಾದರೂ ಅನುಮತಿಯಿಲ್ಲದೆ ಅದಕ್ಕೆ ಆಟ ಮಾಡಬಹುದೆಂದಿತು. ಅಲ್ಲಿಯೂ ಹಳೆಯ ಆಟಗಳ ಹಕ್ಕು ಅವುಗಳ ಒಡೆಯರಲ್ಲೇ ಉಳಿಯಿತು.

ನೀವೇ ಬರೆದ ಆಟ ನಿಮ್ಮದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಕಾನೂನುಬದ್ಧವಾಗಿ ಪಡೆದ ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ, ಪರೀಕ್ಷಿಸಿ ತಿಳಿದುಕೊಳ್ಳಲು ಅವಕಾಶ ಕೊಡುತ್ತದೆ. ನಷ್ಟವಾಗದಂತೆ ಸ್ವಂತಕ್ಕೆ ಒಂದು ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲೂ ಬಿಡುತ್ತದೆ. ಕಂಪನಿಯ ಹೆಸರು, ಲಾಂಛನಗಳನ್ನು ನಿಮ್ಮ ಕ್ಯಾಸೆಟ್ಟಿನ ಅಥವಾ ಪತ್ರಿಕೆಯ ಮುಖದ ಮೇಲೆ ಅಧಿಕೃತವೆಂಬಂತೆ ಮಾತ್ರ ಹಾಕಬೇಡಿ. ಸಕಲೇಶಪುರದ ಗೆಳೆಯರಿಗೂ ಒಂದು ಮಾತು: ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಟೀಕೆಯನ್ನು ನಿಯತವಾಗಿ ಪ್ರಕಟಿಸುವ ಪತ್ರಿಕೆಗಳಿಗೆ, 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ 2023ರ ಕಾಯ್ದೆಯಂತೆ ನೋಂದಣಿ ಬೇಕು. ಗೆಳೆಯರ ನಡುವೆ ಆಗಾಗ ಹಂಚುವ ಆಟದ ಪತ್ರಿಕೆ ಮಾಸಪತ್ರಿಕೆಯಾಗಿ ಬೆಳೆದು ಅಂಗಡಿಗಿಡುವ ಹೊತ್ತಿಗೆ ವಕೀಲರೊಬ್ಬರನ್ನು ಕೇಳಿ.

ಪ್ರಶ್ನೆ: ಮಗ ದ್ವಿತೀಯ ಪಿಯುಸಿ. ಓದುವುದು ಬಿಟ್ಟು 6502 ಅಸೆಂಬ್ಲಿ ಎಂದು ಕೂತಿರುತ್ತಾನೆ. ಉಪಯೋಗವಿದೆಯೇ?
– ತಾಯಿ, ಆಲೂರು

ಉತ್ತರ: ಇದೆ ಅಮ್ಮ. ಅಸೆಂಬ್ಲಿ ಎಂದರೆ ಪ್ರೊಸೆಸರಿಗೆ ನೇರವಾಗಿ ಆದೇಶ ಬರೆಯುವ ಭಾಷೆ. ಲೆಕ್ಕದ ಅಂಕಿಗಳನ್ನಿಡಲು ಮೂರೇ ಮನೆಗಳಿರುವ (ರಿಜಿಸ್ಟರುಗಳು) ಪ್ರೊಸೆಸರಿನಲ್ಲಿ ಗುಣಾಕಾರವನ್ನೂ ತಾನೇ ಬರೆದುಕೊಂಡವನಿಗೆ ಕಂಪ್ಯೂಟರ್ ಒಳಗೆ ನಡೆಯುವುದೇನೆಂದು ಯಾರೂ ಬೇರೆಯಾಗಿ ಹೇಳಿಕೊಡಬೇಕಿಲ್ಲ. ಆದರೆ ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಭಾನುವಾರ ಮಾತ್ರ ಎಂದು ಅವನೊಂದಿಗೆ ಕೂತು ಮಾತಾಡಿ, ನಲವತ್ತು ವರ್ಷ ದಾಟಿದ ಯಂತ್ರ ಇನ್ನು ನಾಲ್ಕು ತಿಂಗಳು ಕಾಯುತ್ತದೆ.