ನೂರರವರೆಗೆ ಹೇಳುವ ಮಗುವಿಗೆ ಐದು ಕಡಲೆಬೀಜ ಎಣಿಸಿ ಕೊಡಲು ಬರುತ್ತಿಲ್ಲ, ಯಾಕೆ?

ನಾಲ್ಕು ತುಂಬಿದ ಮಗಳು ನೂರರವರೆಗೆ ಗಡಗಡ ಒಪ್ಪಿಸುತ್ತಾಳೆ, ಐದು ಕಡಲೆಬೀಜ ಕೊಡು ಅಂದರೆ ಮುಷ್ಟಿ ತುಂಬ ಕೊಡುತ್ತಾಳೆ ಅಂತ ಬರೆದಿದ್ದೀರಿ. ಗಾಬರಿಯಾಗಬೇಡಿ. ಬಾಯಿಪಾಠವೇ ಬೇರೆ, ಎಣಿಕೆಯೇ ಬೇರೆ.

ಮಕ್ಕಳು ಮೊದಲು 'ಒಂದು' ಅಂದರೆ ಎಷ್ಟು ಅಂತ ತಿಳಿಯುತ್ತಾರೆ. ಕೆಲವು ತಿಂಗಳಾದ ಮೇಲೆ ಎರಡು, ಆಮೇಲೆ ಮೂರು. ಎಣಿಸುವಾಗ ಕೊನೆಗೆ ಹೇಳಿದ ಸಂಖ್ಯೆಯೇ 'ಒಟ್ಟು ಎಷ್ಟು' ಅನ್ನುವುದು ಹೆಚ್ಚಿನವರಿಗೆ ಹೊಳೆಯುವುದು ಮೂರೂವರೆ, ನಾಲ್ಕೂವರೆಯ ನಡುವೆ. ಕೆಲವರಿಗೆ ಇನ್ನೂ ತಡ.

ತಟ್ಟೆಯಲ್ಲಿ 10 ಬೀಜ ಇಟ್ಟು ಒಂದು ಕೊಡು, ಎರಡು ಕೊಡು ಅಂತ ಕೇಳುತ್ತಾ ಹೋಗಿ. ಮೂರು ಸರಿಯಾಗಿ ಕೊಟ್ಟು ನಾಲ್ಕಕ್ಕೆ ಮುಷ್ಟಿ ಬಂದರೆ ನಿಮ್ಮ ಕೆಲಸ ಶುರುವಾಗುವುದು ನಾಲ್ಕರಿಂದ, ನೂರರಿಂದಲ್ಲ. ಮೊದಲು ಒಟ್ಟು ಹೇಳಿ, ಆಮೇಲೆ ಎಣಿಸಿ: "ನೋಡು, ನಾಲ್ಕು ಬೀಜ. ಒಂದು, ಎರಡು, ಮೂರು, ನಾಲ್ಕು." ಎಣಿಸಿದ ಬೀಜವನ್ನು ಪಕ್ಕಕ್ಕೆ ಸರಿಸಬೇಕು, ಇಲ್ಲದಿದ್ದರೆ ಒಂದನ್ನೇ ಎರಡು ಸಲ ಎಣಿಸುತ್ತಾರೆ. ಚೌಕಾಬಾರ ಆಡಿಸಿ. ನಾಲ್ಕು ಕವಡೆಯಲ್ಲಿ ಎಷ್ಟು ಅಂಗಾತ ಬಿದ್ದಿವೆ ಅಂತ ಎಣಿಸದೇ ಕಣ್ಣಳತೆಯಲ್ಲಿ ಹೇಳುವುದು ಒಳ್ಳೆಯ ಅಭ್ಯಾಸ. ನೆಲದ ಮೇಲೆ ಸೀಮೆಸುಣ್ಣದಲ್ಲಿ 1ರಿಂದ 10ರವರೆಗೆ ಒಂದೇ ಸಾಲಿನ ಮನೆ ಬರೆದು ಕಾಯಿ ನಡೆಸಿ. ಕಾಯಿ 5ರಲ್ಲಿದ್ದು 2 ಬಿದ್ದರೆ "ಒಂದು, ಎರಡು" ಅನ್ನಬಾರದು, "ಆರು, ಏಳು" ಅನ್ನಬೇಕು. ಇಷ್ಟು ಸಣ್ಣ ಬದಲಾವಣೆಯಿಂದ ತುಂಬಾ ಉಪಯೋಗವಿದೆ.

ಭಾಷೆಯೂ ತೊಡಕು ಮಾಡುತ್ತದೆ. 'ಫೋರ್ಟೀನ್' ಅಂದಾಗ ಮೊದಲು ಕಿವಿಗೆ ಬೀಳುವುದು ನಾಲ್ಕು, ಹಾಗಾಗಿ ಕೆಲವು ಮಕ್ಕಳು 41 ಬರೆಯುತ್ತಾರೆ. ನಮ್ಮ 'ಹದಿನಾಲ್ಕು' ಹತ್ತನ್ನೇ ಮೊದಲು ಹೇಳುತ್ತದೆ, ಬರೆಯುವ ಕ್ರಮವೂ ಅದೇ. ಇಂಗ್ಲಿಷ್ ಮಾಧ್ಯಮವಾದರೂ ಇವನ್ನು ಕನ್ನಡದಲ್ಲೂ ಹೇಳಿಕೊಡಿ. ಆದರೆ ಒಂಬತ್ತು, ಎಂಬತ್ತು, ತೊಂಬತ್ತು ಕೇಳಲು ಒಂದೇ ಥರ, ಅಲ್ಲಿ ನಿಧಾನವಾಗಿ ಬಿಡಿಸಿ ಹೇಳಬೇಕು.

ಬೆರಳೆಣಿಕೆಗೆ ದಯವಿಟ್ಟು ಗದರಬೇಡಿ. ಈ ವಯಸ್ಸಿಗೆ ಬೆರಳು ಬೇಕೇ ಬೇಕು.

ಎರಡು, ಮೂರನೇ ತರಗತಿಗೆ ಬಂದರೂ 3+2ಕ್ಕೆ ಒಂದರಿಂದಲೇ ಎಣಿಸುತ್ತಿದ್ದರೆ, 7 ದೊಡ್ಡದೋ 9 ದೊಡ್ಡದೋ ಅನ್ನುವುದಕ್ಕೇ ತಡವರಿಸಿದರೆ, ಚೆನ್ನಾಗಿ ಹೇಳಿಕೊಟ್ಟರೂ ನಿಲ್ಲದಿದ್ದರೆ ಡಿಸ್ಕ್ಯಾಲ್ಕುಲಿಯಾ, ಅಂದರೆ ಲೆಕ್ಕ ಕಲಿಯುವುದಕ್ಕೇ ಸಂಬಂಧಿಸಿದ ಕಲಿಕಾ ನ್ಯೂನತೆ, ಇರಬಹುದು. ಅದು ಸೋಮಾರಿತನವಲ್ಲ, ದಡ್ಡತನವೂ ಅಲ್ಲ. ಮೊದಲು ಕಣ್ಣು, ಕಿವಿ ತೋರಿಸಿ, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ, ಹಾಗಾಗಿ ಶಾಲೆಯಲ್ಲಿ ರಿಯಾಯಿತಿ ಕೇಳಲು ಆ ವರದಿ ಬೇಕಾಗುತ್ತದೆ.